ಹೆಸರು ಹೊಸದು, ಹೆದರಿಕೆ ಹಳೆಯದು

ಕಾರವಾರದಿಂದ ಕದ್ರಾ, ಅಣಶಿ ದಾಟಿ ಜೊಯಿಡಾ ಕಡೆಗೆ ಸಾಗುವ ಘಟ್ಟದ ರಸ್ತೆಯಲ್ಲಿ ಸಿಗುವ ಊರು ಕುಂಬಾರವಾಡ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು. ಈ ಸೀಮೆಯ ಹಳ್ಳಿಗಳಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆಯೋ ಹಳ್ಳವೋ ಗುಡ್ಡವೋ ಇರುತ್ತದೆ. ಪರಸ್ಪರ ಅಂತರ ಕಾಪಾಡಿಕೊಳ್ಳಿ ಎಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದವೆಂಬ ಸುದ್ದಿ ಹೊರಬಿದ್ದಾಗ, ಅದರ ಕಳವಳ ರಾಜಧಾನಿಯ ಬಡಾವಣೆಗಳಿಗಷ್ಟೇ ಸೀಮಿತವಾಗಲಿಲ್ಲ. ಸೋಂಕಿತರಲ್ಲಿ ಒಬ್ಬರು ವಿದೇಶದಿಂದ ಬಂದವರು. ಇನ್ನೊಬ್ಬರು ಎಲ್ಲಿಗೂ ಹೋಗಿರದ ಸ್ಥಳೀಯರು. ಎಂದರೆ ಹೊಸ ರೂಪಾಂತರಿ ಆಗಲೇ ಮನೆಯೊಳಗೆ ಕಾಲಿಟ್ಟಿತ್ತು.

ಆಗ ಮನೆಮನೆಯಲ್ಲಿ ಹುಟ್ಟಿದ ಪ್ರಶ್ನೆಗಳು ಸರಳವಾಗಿದ್ದವು. ಹಾಕಿಸಿಕೊಂಡ ಲಸಿಕೆ ಇದಕ್ಕೂ ನಾಟುತ್ತದೆಯೆ? ಒಮ್ಮೆ ಬಂದು ಹೋದವರಿಗೆ ಮತ್ತೆ ಬರುತ್ತದೆಯೆ? ಆಗಷ್ಟೇ ತೆರೆದ ಶಾಲೆ ಮತ್ತೆ ಮುಚ್ಚುತ್ತದೆಯೆ? ಜೊಯಿಡಾದಂಥ ತಾಲ್ಲೂಕಿನಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಗೋವಾಕ್ಕೆ ದುಡಿಯಲು ಹೋದವರು ಅನಮೋಡದ ಗಡಿಯಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತಾರೆಯೆ? 2021ರ ಮೇ ತಿಂಗಳಲ್ಲಿ ಸೋಂಕಿಲ್ಲವೆಂಬ ಪ್ರಮಾಣಪತ್ರವಿಲ್ಲದೆ ಗೋವಾಕ್ಕೆ ಪ್ರವೇಶವಿಲ್ಲವೆಂದು ಅಲ್ಲಿನ ಹೈಕೋರ್ಟ್ ಪೀಠ ಆದೇಶಿಸಿದ್ದು ಜನರ ನೆನಪಿನಲ್ಲಿತ್ತು.

ಈ ಪ್ರಶ್ನೆಗಳನ್ನು ಅತಿಯಾದ ಹೆದರಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೆ ಆರೇಳು ತಿಂಗಳ ಹಿಂದೆ ಡೆಲ್ಟಾ ರೂಪಾಂತರಿಯ ಅಲೆಯಲ್ಲಿ ಚಾಮರಾಜನಗರದ ಆಮ್ಲಜನಕ ದುರಂತವನ್ನೂ, ಚಿತಾಗಾರಗಳ ಮುಂದಿನ ಸಾಲುಗಳನ್ನೂ ರಾಜ್ಯ ಕಂಡಿತ್ತು. ಬೆಂದ ಕೈ ಬೂದಿಗೂ ಹೆದರುತ್ತದೆ. ಆದರೆ ಪ್ರತಿಯೊಂದು ಹೊಸ ಹೆಸರಿಗೂ ಒಂದೇ ಪ್ರಮಾಣದಲ್ಲಿ ಹೆದರಬೇಕೆ ಎಂಬುದು ಬೇರೆ ಪ್ರಶ್ನೆ.

ನಕಲುಗಾರನ ಕೈತಪ್ಪು

ರೂಪಾಂತರಿ ಎಂದರೇನು? ಹಳಗನ್ನಡ ಕಾವ್ಯಗಳ ಓಲೆಗರಿ ಪ್ರತಿಗಳನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಒಂದು ಗ್ರಂಥವನ್ನು ನೋಡಿ ಲಿಪಿಕಾರ ಇನ್ನೊಂದು ಪ್ರತಿ ಮಾಡುತ್ತಾನೆ. ಎಲ್ಲೋ ಒಂದು ಅಕ್ಷರ ಬಿಟ್ಟುಹೋಗುತ್ತದೆ, ಇನ್ನೆಲ್ಲೋ ಒತ್ತಕ್ಷರ ಬದಲಾಗುತ್ತದೆ. ಆ ಪ್ರತಿಯನ್ನು ನೋಡಿ ಬರೆದ ಮುಂದಿನವನು ಅದೇ ತಪ್ಪನ್ನು ಉಳಿಸಿಕೊಂಡು ತನ್ನದೊಂದನ್ನು ಸೇರಿಸುತ್ತಾನೆ. ವಿದ್ವಾಂಸರು ಇದನ್ನು ಪಾಠಾಂತರ ಎನ್ನುತ್ತಾರೆ. ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂಬುದನ್ನು ಈ ತಪ್ಪುಗಳ ಜಾಡು ಹಿಡಿದೇ ಅವರು ಗುರುತಿಸುತ್ತಾರೆ.

ಕೊರೊನಾ ವೈರಸ್ಸಿನ ಗ್ರಂಥ ಸುಮಾರು 30 ಸಾವಿರ ಅಕ್ಷರಗಳದ್ದು. ಮನುಷ್ಯನ ಜೀವಕೋಶದೊಳಗೆ ಸೇರಿಕೊಂಡು ಅದು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕೋಟ್ಯಂತರ ಪ್ರತಿಗಳಲ್ಲಿ ಅಲ್ಲಲ್ಲಿ ತಪ್ಪು ನುಸುಳುತ್ತದೆ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೆ ಲಾಭವಿಲ್ಲ. ಎಷ್ಟೋ ತಪ್ಪುಗಳು ಅದಕ್ಕೇ ಮಾರಕ. ಎಲ್ಲೋ ಒಂದು ಬದಲಾವಣೆ ಮಾತ್ರ ವೈರಸ್ ಬೇಗ ಹರಡಲು ಅಥವಾ ದೇಹದ ಕಾವಲಿನ ಕಣ್ಣು ತಪ್ಪಿಸಲು ನೆರವಾಗುತ್ತದೆ. ಅಂಥ ಪ್ರತಿ ಉಳಿದವನ್ನು ಹಿಂದಿಕ್ಕಿ ಮುನ್ನುಗ್ಗುತ್ತದೆ. ಓಮಿಕ್ರಾನ್ ಗಮನ ಸೆಳೆದದ್ದು ಈ ಕಾರಣಕ್ಕೆ. ವೈರಸ್ಸಿನ ಹೊರಮೈಯ ಮುಳ್ಳಿನಂಥ ಭಾಗವೊಂದರಲ್ಲೇ ಅದಕ್ಕೆ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಲಸಿಕೆ ನಮ್ಮ ದೇಹಕ್ಕೆ ಪರಿಚಯ ಮಾಡಿಕೊಡುವುದು ಮುಖ್ಯವಾಗಿ ಇದೇ ಮುಳ್ಳನ್ನು.

ಹೆಸರುಗಳ ಗೊಂದಲ

ಇಷ್ಟು ಸಹಜವಾದ ಕ್ರಿಯೆ ಜನರ ಕಿವಿಗೆ ಬಿದ್ದ ರೀತಿ ಬೇರೆ. 2020ರ ಡಿಸೆಂಬರ್ ಕೊನೆಗೆ ಬ್ರಿಟನ್ನಿನಿಂದ ಬಂದವರಲ್ಲಿ ಹೊಸ ರೂಪಾಂತರಿ ಕಂಡಿತು. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ಗುರುತಿಸಿದ ಪ್ರಯೋಗಾಲಯಗಳಲ್ಲಿ ಒಂದು. 2021ರ ಮಾರ್ಚ್‌ನಲ್ಲಿ ‘ಡಬಲ್ ಮ್ಯುಟೆಂಟ್’ ಎಂಬ ಮಾತು ಬಂತು. ಇಮ್ಮಡಿ ಅಪಾಯವೆಂದು ಜನ ತಿಳಿದರು. ಎರಡಲ್ಲ, ಹತ್ತಾರು ಬದಲಾವಣೆಗಳು ಯಾವ ರೂಪಾಂತರಿಯಲ್ಲೂ ಇರುತ್ತವೆ ಎಂಬ ವಿವರಣೆ ಸುದ್ದಿಯ ಹಿಂದೆಯೇ ಉಳಿಯಿತು. ದೇಶದ ಹೆಸರು ಹಿಡಿದು ವೈರಸ್ಸನ್ನು ಕರೆಯುವುದು ತಪ್ಪಲೆಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಮೇ 31ರಂದು ಗ್ರೀಕ್ ಅಕ್ಷರಗಳ ಹೆಸರು ಕೊಟ್ಟಿತು. ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ಬಂದವು. ಜೂನ್‌ನಲ್ಲಿ ಮೈಸೂರಿನಲ್ಲಿ ‘ಡೆಲ್ಟಾ ಪ್ಲಸ್’ ಸಿಕ್ಕಿತು. ಬೀಜಗಣಿತದ ತರಗತಿಯಲ್ಲಿ ಕೇಳಿದ್ದ ಅಕ್ಷರಗಳು ಅಡುಗೆಮನೆಯ ಮಾತಾದವು.

ಇದರಲ್ಲಿ ಒಂದು ವಿಚಿತ್ರವಿದೆ. ಗಂಟಲ ದ್ರವದ ಸಾಮಾನ್ಯ ಪರೀಕ್ಷೆ ಸೋಂಕು ಇದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ. ಅದು ಯಾವ ರೂಪಾಂತರಿ ಎಂದು ಹೇಳುವುದಿಲ್ಲ. ಅದಕ್ಕೆ ವೈರಸ್ಸಿನ ಅಕ್ಷರಗಳನ್ನು ಒಂದೊಂದಾಗಿ ಓದಬೇಕು. ಆ ಕೆಲಸಕ್ಕೆಂದು 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಯೋಗಾಲಯಗಳ ಜಾಲವೊಂದನ್ನು ರೂಪಿಸಿತು. ಅಲ್ಲಿಗೆ ಹೋಗುತ್ತಿದ್ದುದು ಆಯ್ದ ಮಾದರಿಗಳು ಮಾತ್ರ. ಫಲಿತಾಂಶಕ್ಕೆ ದಿನಗಳು ಬೇಕು. ಎಂದರೆ ಹಳ್ಳಿಯ ರೋಗಿಗೆ ತನ್ನ ಮೈಯಲ್ಲಿರುವುದು ಡೆಲ್ಟಾವೋ ಓಮಿಕ್ರಾನೋ ಎಂದು ತಿಳಿಯುವ ಸಂಭವವೇ ಕಡಿಮೆ. ತಿಳಿದಿದ್ದರೂ ಅವನು ಮಾಡಬೇಕಾದ ಕೆಲಸ ಬದಲಾಗುತ್ತಿರಲಿಲ್ಲ. ವಿಶ್ರಾಂತಿ, ಉಸಿರಾಟದ ಮೇಲೆ ಕಣ್ಣು, ಮನೆಯ ಹಿರಿಯರಿಂದ ದೂರ, ಕಷ್ಟವಾದರೆ ಆಸ್ಪತ್ರೆ.

ಎರಡು ದಿನಗಳ ಲೆಕ್ಕ

2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ ವರದಿಯಾದ ಹೊಸ ಪ್ರಕರಣಗಳು 50,112. ಅಂದು ವರದಿಯಾದ ಸಾವು 346. ಅದು ಡೆಲ್ಟಾ ಅಲೆ. 2022ರ ಜನವರಿ 23ರಂದು ಪ್ರಕರಣಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ, 50,210. ಸಾವು 19. ಅದು ಓಮಿಕ್ರಾನ್ ಅಲೆ. ಸೋಂಕು ತಗುಲಿದ ದಿನಕ್ಕೂ ಸಾವಿಗೂ ನಡುವೆ ವಾರಗಳ ಅಂತರ ಇರುವುದರಿಂದ ಈ ಹೋಲಿಕೆಯನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೆ ಅಂತರ ಎಷ್ಟು ದೊಡ್ಡದೆಂದು ಎದ್ದು ಕಾಣುತ್ತದೆ.

‘ವೈರಸ್ ಹಳತಾದಂತೆ ಸೌಮ್ಯವಾಗುತ್ತದೆ’ ಎಂದು ಆಗ ಹಲವರು ಹೇಳಿದರು. ಅದು ಪ್ರಕೃತಿಯ ನಿಯಮವೇನಲ್ಲ. ಡೆಲ್ಟಾ ತನಗಿಂತ ಹಿಂದಿನ ರೂಪಗಳಿಗಿಂತ ಉಗ್ರವಾಗಿಯೇ ಇತ್ತು. ಓಮಿಕ್ರಾನ್ ಶ್ವಾಸಕೋಶಕ್ಕಿಂತ ಮೇಲಿನ ಉಸಿರುದಾರಿಯಲ್ಲಿ ಹೆಚ್ಚು ಬೆಳೆಯುತ್ತಿತ್ತು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಎರಡು ದಿನಗಳ ನಡುವೆ ಬದಲಾದದ್ದು ಜನರ ಮೈ. ಮೇ ತಿಂಗಳಲ್ಲಿ ಎರಡೂ ಡೋಸ್ ಪಡೆದವರು ವಿರಳ. ಜನವರಿಯ ಹೊತ್ತಿಗೆ ವಯಸ್ಕರಲ್ಲಿ ಬಹುಪಾಲು ಮಂದಿ ಪಡೆದಿದ್ದರು. ಎಷ್ಟೋ ಜನರಿಗೆ ಒಮ್ಮೆ ಸೋಂಕೂ ತಗುಲಿ ಹೋಗಿತ್ತು. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಬಾಗಿಲ ಕಾವಲುಗಾರರಿದ್ದಂತೆ. ಕಳ್ಳ ವೇಷ ಬದಲಿಸಿದರೆ ಅವರು ಮೋಸಹೋಗಬಹುದು. ಆದರೆ ಒಳಗೆ ಇನ್ನೊಂದು ಪಡೆ ಇದೆ. ಅದು ವೈರಸ್ಸಿನ ಬೇರೆ ಬೇರೆ ತುಣುಕುಗಳ ಗುರುತು ಹಿಡಿಯುವುದರಿಂದ ಮುಳ್ಳು ಬದಲಾದ ಮಾತ್ರಕ್ಕೆ ಪೂರ್ತಿ ಮೋಸಹೋಗುವುದಿಲ್ಲ. ಆದ್ದರಿಂದಲೇ ಲಸಿಕೆ ಪಡೆದವರಿಗೂ ಸೋಂಕು ಬಂತು, ಆದರೆ ಜೀವಕ್ಕೆ ಎರವಾದದ್ದು ಕಡಿಮೆ. ‘ಲಸಿಕೆ ನಾಟುತ್ತದೆಯೆ’ ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿದ್ದವು. ಅವನ್ನು ಬಿಡಿಸಿ ಹೇಳುವವರು ಸಾಲದೆ ಹೋದರು.

ಮಾರಿಯಿಂದ ಮಹಾಜ್ವರದವರೆಗೆ

ಹೆಸರಿಡುವುದು, ಹೆದರುವುದು ಎರಡೂ ಈ ನಾಡಿಗೆ ಹೊಸತಲ್ಲ. ಸಿಡುಬನ್ನು ‘ಅಮ್ಮ’ ಎಂದು ಕರೆದ ಜನ ನಾವು. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2020ರ ಮಾರ್ಚ್‌ನಲ್ಲಿ ಆ ಜಾತ್ರೆ ನಡೆಯುತ್ತಿದ್ದಾಗಲೇ ಬೆಂಗಳೂರಿನಲ್ಲಿ ರಾಜ್ಯದ ಮೊದಲ ಕೋವಿಡ್ ಪ್ರಕರಣ ಪತ್ತೆಯಾಯಿತು. ಜಾತ್ರೆ ಮುಗಿದು ಎರಡು ವಾರಕ್ಕೆ ಇಡೀ ದೇಶಕ್ಕೆ ಬೀಗ ಬಿತ್ತು.

1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು. ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಹತ್ತಾರು ಸಾವಿರ ಮಂದಿ ಹಾಕಿಸಿಕೊಂಡರು. ಪ್ಲೇಗಿನ ಹೆಸರಿನಲ್ಲೂ ಅಮ್ಮನ ಗುಡಿಗಳು ಎದ್ದವು.

ರೂಪಾಂತರದ ಪಾಠ ಮಾತ್ರ 1918ರ ಇನ್‌ಫ್ಲುಯೆಂಜಾದಲ್ಲಿದೆ. ಆ ವರ್ಷ ಜೂನ್‌ನಲ್ಲಿ ಮುಂಬಯಿಗೆ ಬಂದ ಜ್ವರ ಸೌಮ್ಯವಾಗಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಅದೇ ಜ್ವರ ಮಾರಿಯಾಗಿ ಮರಳಿತು. ಭಾರತದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜು. ಮೈಸೂರು ಸಂಸ್ಥಾನವೂ ತತ್ತರಿಸಿತು. ಮನುಷ್ಯರಲ್ಲಿ ಈ ರೋಗ ತರುವ ವೈರಸ್ಸನ್ನು ಪ್ರತ್ಯೇಕಿಸಿದ್ದೇ 1933ರಲ್ಲಿ. ಎರಡನೇ ಬಾರಿ ಬಂದದ್ದು ಬದಲಾದ ರೂಪವೆಂದು ಹೆಸರಿಟ್ಟು ಎಚ್ಚರಿಸುವವರು ಅಂದು ಯಾರೂ ಇರಲಿಲ್ಲ. ಹೊಸ ಹೆಸರುಗಳು ಹೆದರಿಸುತ್ತವೆ, ನಿಜ. ಹೆಸರಿಲ್ಲದ ಕಾಲದಲ್ಲಿ ಸಾವು ಸುಳಿವು ಕೊಡದೆ ಬಂತು.

ಕಾಡು ಕಲಿಸಿದ್ದು

ಘಟ್ಟದ ಜನರಿಗೆ ವೈರಸ್ ಭಯ ಕೋವಿಡ್‌ಗಿಂತ ಹಿಂದಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ನರಳಿದರು. ಆಫ್ರಿಕದ ಹಳದಿ ಜ್ವರ ಭಾರತಕ್ಕೂ ಬಂತೆ ಎಂಬುದು ವಿಜ್ಞಾನಿಗಳ ಮೊದಲ ಆತಂಕ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಪರೀಕ್ಷಿಸಿದಾಗ ಅದು ಹೊಸ ವೈರಸ್ ಎಂದು ತಿಳಿಯಿತು. ರಷ್ಯದ ಮೆದುಳುಜ್ವರದ ವೈರಸ್ಸಿಗೆ ಇದು ಬಂಧು ಎಂದು ಕಂಡು, ಅಲ್ಲಿನ ರೋಗಕ್ಕೆ ಮಾಡಿದ ಲಸಿಕೆಯನ್ನು ಇಲ್ಲಿ ಕೊಟ್ಟು ನೋಡಿದರು. ಅದು ರಕ್ಷಣೆ ಕೊಡಲಿಲ್ಲ. ಒಂದು ವೈರಸ್ಸಿನ ಲಸಿಕೆ ಅದರ ಬಂಧುವಿಗೆ ನಾಟುತ್ತದೆಯೆ ಎಂಬ ಪ್ರಶ್ನೆಗೆ ಮಲೆನಾಡು 60 ವರ್ಷಗಳ ಹಿಂದೆಯೇ ಉತ್ತರ ಕಂಡಿತ್ತು. ಆ ಪುಣೆಯ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಕೊವ್ಯಾಕ್ಸಿನ್ ತಯಾರಿಗೆ ಬೇಕಾದ ಕೊರೊನಾ ವೈರಸ್ಸನ್ನು ಪ್ರತ್ಯೇಕಿಸಿ ಕೊಟ್ಟದ್ದೂ ಇದೇ ಸಂಸ್ಥೆ.

ಮಂಗನ ಕಾಯಿಲೆಗೆಂದೇ ಮಾಡಿದ ಲಸಿಕೆ 1990ರಿಂದ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಬಳಿಕ ಮತ್ತೆ ಮತ್ತೆ ಬೂಸ್ಟರ್. ಅದರ ಪ್ರಭಾವ ಕುಂದುತ್ತ ಬಂದು, ಗುಣಮಟ್ಟದ ಪರೀಕ್ಷೆಯಲ್ಲಿ ಸಾಕಷ್ಟು ಸಾಮರ್ಥ್ಯ ಕಾಣದೆ 2022ರಲ್ಲಿ ನಿಂತುಹೋಯಿತು. 2024ರ ಆರಂಭದಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮಂಗನ ಕಾಯಿಲೆಯಿಂದ ಸಾವುಗಳಾದವು. ಹೊಸ ಲಸಿಕೆಯ ಅಭಿವೃದ್ಧಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಕುಂಬಾರವಾಡದ ದಕ್ಷಿಣಕ್ಕೆ ಸಿದ್ದಾಪುರ, ಉತ್ತರಕ್ಕೆ ಗೋವಾದ ಸತ್ತರಿ. ಎರಡೂ ತಾಲ್ಲೂಕುಗಳು ಈ ರೋಗವನ್ನು ಕಂಡಿವೆ. ನಡುವಿನ ಕಾಡು ಒಂದೇ.

ಆದರೂ ಮಂಗನ ಕಾಯಿಲೆಯ ಭಯಕ್ಕೂ ರೂಪಾಂತರಿಯ ಭಯಕ್ಕೂ ಒಂದು ವ್ಯತ್ಯಾಸವಿದೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಯ ಉಣುಗುಗಳು ಇಳಿದು ಚದುರುತ್ತವೆಂದು ಜನ ಬಲ್ಲರು. ಆರೋಗ್ಯ ಇಲಾಖೆಗೆ ತಿಳಿಸಬೇಕು, ಆ ಜಾಗಕ್ಕೆ ಹೋಗಬಾರದು, ದರಕಿಗೋ ಸೌದೆಗೋ ಹೋಗುವ ಮುನ್ನ ಮೈಗೆ ಉಣುಗು ನಿರೋಧಕ ಎಣ್ಣೆ ಹಚ್ಚಬೇಕು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಅಲ್ಲಿ ಹೆದರಿಕೆಯ ಜೊತೆಗೇ ಕೈಗೊಂದು ಕೆಲಸವಿದೆ. ದೂರದ ದೇಶದ ರೂಪಾಂತರಿಯ ಸುದ್ದಿ ಹಾಗಲ್ಲ. ಅದು ಹೆದರಿಕೆಯನ್ನಷ್ಟೇ ತರುತ್ತದೆ, ಕೆಲಸ ಹೇಳುವುದಿಲ್ಲ. ಕೈಗೆ ಕೆಲಸವಿಲ್ಲದ ಭಯ ರಾತ್ರಿಯ ನಿದ್ದೆ ಕೆಡಿಸುತ್ತದೆ, ವದಂತಿಗೆ ಬಾಗಿಲು ತೆರೆಯುತ್ತದೆ.

ಕೇಳಬೇಕಾದ ಮೂರು ಪ್ರಶ್ನೆ

ಕೋವಿಡ್ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಹೆಸರುಗಳು ಮಾತ್ರ ನಿಲ್ಲಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕೇರಳದಲ್ಲಿ ಜೆಎನ್.1 ಕಂಡಾಗ ಗಡಿ ಜಿಲ್ಲೆಗಳಲ್ಲಿ ಮತ್ತೆ ಮುಖಗವಸು ಹೊರಬಂತು. 2025ರಲ್ಲಿ ಎನ್‌ಬಿ.1.8.1ರ ಸುದ್ದಿಯಾಯಿತು. ಮುಂದೆಯೂ ಹೊಸ ಹೆಸರುಗಳು ಬರುತ್ತವೆ, ಏಕೆಂದರೆ ನಕಲುಗಾರನ ಕೈತಪ್ಪು ನಿಲ್ಲುವುದಿಲ್ಲ.

ಹೊಸ ಹೆಸರು ಕೇಳಿದಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಹಿಂದಿನದಕ್ಕಿಂತ ಬೇಗ ಹರಡುತ್ತದೆಯೆ? ಹೆಚ್ಚು ಜನರನ್ನು ಆಸ್ಪತ್ರೆಗೆ ದೂಡುತ್ತಿದೆಯೆ? ಲಸಿಕೆ ಪಡೆದವರನ್ನೂ, ಹಿಂದೆ ಸೋಂಕು ಕಂಡವರನ್ನೂ ಕೊಲ್ಲುತ್ತಿದೆಯೆ? ಮೊದಲನೆಯದಕ್ಕೆ ಮಾತ್ರ ಹೌದೆಂಬ ಉತ್ತರ ಬಂದರೆ ಎಚ್ಚರ ಸಾಕು. ಉಳಿದೆರಡಕ್ಕೂ ಹೌದೆಂದಾದರೆ ಚಿಂತಿಸಬೇಕು. ಉತ್ತರ ಸಿಗಲು ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟು ದಿನ ಜನ ಕಾಯಬೇಕಾದರೆ, ಹೆಸರನ್ನು ಮೊದಲು ಹೇಳಿದವರೇ ಉತ್ತರವನ್ನೂ ತಪ್ಪದೆ ಹೇಳಬೇಕು. ಈ ಹೊತ್ತಿಗೆ ಏನು ಮಾಡಬೇಕೆಂಬುದನ್ನೂ ಅದೇ ಉಸಿರಿನಲ್ಲಿ ತಿಳಿಸಬೇಕು. ಸತ್ತ ಮಂಗವನ್ನು ಕಂಡ ಕೂಲಿಯವನಿಗೆ ಯಾರಿಗೆ ಹೇಳಬೇಕೆಂಬುದು ಗೊತ್ತಿದೆ. ಟಿ.ವಿ.ಯಲ್ಲಿ ಹೊಸ ಅಕ್ಷರ ಕಂಡ ಗೃಹಿಣಿಗೂ ಅಷ್ಟು ಸ್ಪಷ್ಟವಾಗಿ ದಾರಿ ತಿಳಿದಿರಬೇಕು.