‘ಹೋಗಲಿಲ್ಲ’ದೊಳಗಿನ ಇಂಗ್ಲಿಷ್ ವ್ಯಾಕರಣ

‘ಶೀ ಡಿಡ್ ನಾಟ್ ವೆಂಟ್ ಟು ಹರಿಹರ್.’ ಇಂಗ್ಲಿಷ್ ಕಲಿಯುವ ಕನ್ನಡದ ಮಕ್ಕಳ ನೋಟ್‌ಬುಕ್ಕಿನಲ್ಲಿ ಇಂಥ ವಾಕ್ಯ ಪದೇ ಪದೇ ಕಾಣುತ್ತದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ವೆಂಟ್’ ಹೊಡೆದುಹಾಕಿ ‘ಗೋ’ ಎಂದು ತಿದ್ದುತ್ತಾರೆ, ನಿಯಮವನ್ನು ಬಾಯಿಪಾಠ ಮಾಡಿಸುತ್ತಾರೆ. ಮುಂದಿನ ಟೆಸ್ಟಿನಲ್ಲಿ ‘ವೆಂಟ್’ ಮತ್ತೆ ಹಾಜರು.

ಆದರೆ ಆ ನಿಯಮ ಮಗುವಿನ ನಾಲಿಗೆಯ ಮೇಲೆ ಆಗಲೇ ಇದೆ. ‘ಅವಳು ಹರಿಹರಕ್ಕೆ ಹೋದಳು’ ಎಂಬುದನ್ನು ನಿಷೇಧಿಸಿ ಹೇಳುವಾಗ ದಾವಣಗೆರೆಯಲ್ಲಿ ಯಾರೂ ‘ಹೋದಳಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತಾರೆ. ‘ಇಲ್ಲ’ ಬಂದ ಕೂಡಲೇ ‘ಹೋದ’ ಎಂಬ ಭೂತಕಾಲದ ರೂಪ ಬಿಟ್ಟುಹೋಗಿ ಮೂಲ ಧಾತು ‘ಹೋಗು’ ಮರಳುತ್ತದೆ. ಇಂಗ್ಲಿಷಿನಲ್ಲೂ ಹೀಗೆಯೇ: ಕಾಲದ ಭಾರವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ವೆಂಟ್’ ಮತ್ತೆ ‘ಗೋ’ ಆಗಬೇಕು. ‘ಶೀ ವರ್ಕ್ಸ್’ ಎಂಬುದು ಪ್ರಶ್ನೆಯಾದಾಗ ಕೊನೆಯ ‘ಎಸ್’ ‘ಡಸ್’ಗೆ ಸೇರಿ ‘ಡಸ್ ಶೀ ವರ್ಕ್?’ ಆಗುವುದೂ ಇದೇ ಕ್ರಮದಲ್ಲಿ. ‘ಹೋಗಲಿಲ್ಲ’ವನ್ನು ಒಮ್ಮೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ಬಾಯಿಪಾಠದ ಹೊರೆ ಎಷ್ಟೋ ಇಳಿಯುತ್ತದೆ.

ಎರಡು ಭಾಷೆಗಳು ನಿಜಕ್ಕೂ ಬೇರೆಯಾಗುವುದು ಪದಗಳ ಜಾಗದ ವಿಷಯದಲ್ಲಿ. ‘ಗೀತಾ ಸೀತಾಳನ್ನು ಕರೆದಳು’ ಎಂದರೂ ‘ಸೀತಾಳನ್ನು ಗೀತಾ ಕರೆದಳು’ ಎಂದರೂ ಕರೆದವಳು ಗೀತಾಳೇ, ಏಕೆಂದರೆ ‘ಅನ್ನು’ ಪ್ರತ್ಯಯ ಸೀತಾಳ ಜೊತೆಗೇ ಇರುತ್ತದೆ. ‘ಗೀತಾ ಕಾಲ್ಡ್ ಸೀತಾ’ ಎಂಬಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದರೆ ಅರ್ಥವೇ ತಿರುಗುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮೇಣ ಅವುಗಳಲ್ಲಿ ಬಹುಪಾಲು ಸವೆದುಹೋಗಿ, ಆ ಕೆಲಸ ಪದಗಳ ಜಾಗಕ್ಕೂ ‘ಟು’, ‘ಫ್ರಮ್’ಗಳಂಥ ಪುಟ್ಟ ಪದಗಳಿಗೂ ಬಂತು. ‘ಮನೆಗೆ’ಯ ‘ಗೆ’ಯನ್ನು ನಂಬಿ ‘ಗೋ ಟು ಹೋಮ್’ ಎಂದು ಬರೆಯುವವರು ‘ಹೋಮ್’ಗೆ ಅಲ್ಲಿ ‘ಟು’ ಬೇಡವೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಇದಕ್ಕೆ ಬೇರೆ ದಾರಿಯಿಲ್ಲ.

‘ಎ’ ಮತ್ತು ‘ಆನ್’ ಗೊಂದಲಕ್ಕೆ ಕನ್ನಡ ಲಿಪಿಯೇ ಮದ್ದು. ‘ಯೂನಿವರ್ಸಿಟಿ’ ಶುರುವಾಗುವುದು ವ್ಯಂಜನ ‘ಯ’ದಿಂದ, ಹಾಗಾಗಿ ‘ಎ ಯೂನಿವರ್ಸಿಟಿ’. ಗಂಟೆ ಎಂಬರ್ಥದ ‘ಅವರ್’, ‘ಎಂಬಿಎ’ ಸ್ವರದಿಂದ ಶುರುವಾಗುತ್ತವೆ, ಹಾಗಾಗಿ ‘ಆನ್’. ಇಂಗ್ಲಿಷ್ ಸ್ಪೆಲಿಂಗ್ ಮುಚ್ಚಿಡುವ ಉಚ್ಚಾರಣೆಯನ್ನು ಕನ್ನಡದ ಅಕ್ಷರ ಎದುರಿಗಿಡುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಸುಳಿಯಲೇಬಾರದು ಎಂಬ ಹಟವೂ ಹಲವರಲ್ಲಿದೆ. ಮಾತು ರೂಢಿಯಾಗಲು ಇಂಗ್ಲಿಷ್ ಕಿವಿಗೆ ಬೀಳಬೇಕು, ನಿಜ. ಆದರೆ ವ್ಯಾಕರಣ ಬಿಡಿಸುವಾಗ ಕನ್ನಡವನ್ನು ಹೊರಗೆ ನಿಲ್ಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಫರ್ಡಿನೆಂಡ್ ಕಿಟೆಲ್ 1903ರಲ್ಲಿ ಹೊರತಂದ ಕನ್ನಡ ವ್ಯಾಕರಣವನ್ನು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಕಲಿಯಬಂದ ಹೊರಗಿನವರಿಗೆ ಗೊತ್ತಿದ್ದ ಭಾಷೆಯ ಮೂಲಕವೇ ಹೊಸ ಭಾಷೆಯ ವಿವರಣೆ ಸಿಕ್ಕಿತು. ಹರಿಹರದ ಮಗುವಿಗೂ ಆ ಅನುಕೂಲ ಸಿಗಬೇಕು.

ಕನ್ನಡ ದಾರಿ ತಪ್ಪಿಸುವ ಜಾಗಗಳನ್ನೂ ಹೀಗೆಯೇ ತೋರಿಸಬಹುದು. ‘ಹತ್ತು ವರ್ಷದಿಂದ’, ‘1997ರಿಂದ’ ಎರಡಕ್ಕೂ ಕನ್ನಡದಲ್ಲಿ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್’, ಶುರುವಾದ ಬಿಂದುವಿಗೆ ‘ಸಿನ್ಸ್’. ‘ಸಿನ್ಸ್ ಟೆನ್ ಇಯರ್ಸ್’ ಎಂಬ ತಪ್ಪು ಹುಟ್ಟುವುದು ಇಲ್ಲೇ. ಕಾಲದ ರೂಪ ಅಭ್ಯಾಸ ಮಾಡಲು ಊರಿನ ಇತಿಹಾಸವೇ ಸಾಕು. ಹರಿಹರೇಶ್ವರ ದೇವಾಲಯ ಕಟ್ಟಿದ್ದು 1224ರಲ್ಲಿ. ಅದು ಮುಗಿದುಹೋದ ಕೆಲಸ, ಇಸವಿಯೂ ಗೊತ್ತು, ಆದ್ದರಿಂದ ‘ವಾಸ್ ಬಿಲ್ಟ್ ಇನ್ 1224’. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಈಗಲೂ ಜಿಲ್ಲೆಯಾಗಿಯೇ ಇದೆ. ಹೀಗೆ ಅಂದು ಶುರುವಾಗಿ ಇಂದಿಗೂ ಮುಂದುವರಿದಿರುವುದಕ್ಕೆ ‘ಈಸ್’ ಸಾಲದು: ‘ದಾವಣಗೆರೆ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997.’