ತಗಡಾದ ನೀರು ಮತ್ತು ತಿರುಗುವ ಬಿಲ್ಲೆ

ಕರಾವಳಿಯ ಕಾಗಾಲದಲ್ಲಿ, ಉಪ್ಪುನೀರು ಹೊಕ್ಕುವ ಗಜನಿ ಗದ್ದೆಯ ಕಟ್ಟೆಯ ಮೇಲೆ ನಿಂತು ತೆಗೆದ ನನ್ನ ಹಳೆಯ ಫೋಟೊಗಳಲ್ಲಿ ನೀರೆಲ್ಲ ತಗಡು. ಬಗ್ಗಿ ನೋಡಿದಾಗ ಕಂಡಿದ್ದ ಕೆಸರು, ಪಾಚಿ, ಕಗ್ಗ ಭತ್ತದ ಬುಡ ಯಾವುದೂ ಇಲ್ಲ. ಬರೀ ಬಿಳಿ ಹೊಳಪು. ಕ್ಯಾಮೆರಾ ಬದಲಿಸಿದೆ, ಲೆನ್ಸ್ ಬದಲಿಸಿದೆ. ಕೊನೆಗೆ ಆ ತಗಡನ್ನು ಎತ್ತಿದ್ದು ಲೆನ್ಸಿನ ಮೂತಿಗೆ ತಿರುಪಿ ಕೂರಿಸುವ, ಕೂತ ಮೇಲೂ ಬೆರಳಿನಿಂದ ತಿರುಗಿಸಬಹುದಾದ ಒಂದು ಕಪ್ಪಗಿನ ಬಿಲ್ಲೆ. ಹೆಸರು ಪೋಲರೈಸರ್.

ಸೂರ್ಯನ ಬೆಳಕಿನ ಅಲೆಗಳು ತಾವು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ನೀರಿಗೆ ಬಡಿದಾಗ ಮಾತ್ರ ಪಂಕ್ತಿಭೇದ ನಡೆಯುತ್ತದೆ: ಮಲಗಿದ ಕಂಪನಗಳು ಹೆಚ್ಚಾಗಿ ಚಿಮ್ಮಿ ಬರುತ್ತವೆ, ನಿಂತವು ಒಳಗಿಳಿಯುತ್ತವೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ಚಿಮ್ಮಿದ್ದು ಪೂರಾ ಮಲಗಿದ ಬೆಳಕೇ. ಬಿಲ್ಲೆ ಕಿಟಕಿಯ ಸರಳಿನಂತೆ. ನಿಲ್ಲಿಸಿ ಹಿಡಿದ ಕೋಲು ತೂರುತ್ತದೆ, ಅಡ್ಡ ಹಿಡಿದದ್ದು ಸಿಕ್ಕಿಬೀಳುತ್ತದೆ. ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಹೊಳಪು ಕಳಚಿ ತಳ ಕಾಣುತ್ತದೆ.

37 ಡಿಗ್ರಿಯನ್ನು ಅಳೆಯುವುದು ಹೇಗೆ? ಕೋನಮಾಪಕ ಬೇಡ. ಕ್ಯಾಮೆರಾ ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ನಿಮ್ಮಿಂದ ಎರಡು ಮೀಟರ್ ಆಚೆಯ ನೀರು ಸರಿಯಾಗಿ ಆ ಓರೆಯಲ್ಲಿರುತ್ತದೆ. ದೂರದ ನೀರು ಹೊಳೆಯುತ್ತಲೇ ಇರುತ್ತದೆ, ಹೊಳೆಯಲಿ ಬಿಡಿ. ಮುಂದೆ ಕೆಸರು, ಹಿಂದೆ ಬೆಳ್ಳಿ: ಚಿತ್ರಕ್ಕೆ ಆಳ ಬರುವುದೇ ಹಾಗೆ.

ಇದೇ ಉಪಾಯವನ್ನು 1921ರಲ್ಲಿ ಸಿ.ವಿ. ರಾಮನ್ ಹಡಗಿನ ಮೇಲೆ ನಿಂತು ಮಾಡಿದ್ದರು, ಫೋಟೊಗಲ್ಲ. ಕಡಲಿನ ಕಡುನೀಲಿ ಎಂದರೆ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರೇಲೆ ಹೇಳಿದ್ದರು. ಇಂಗ್ಲೆಂಡಿನಿಂದ ಮರಳುತ್ತಿದ್ದ ರಾಮನ್ ನಮ್ಮ ಬಿಲ್ಲೆಯ ಕೆಲಸವನ್ನೇ ಮಾಡುವ ನಿಕಾಲ್ ಪಟ್ಟಕದ ಮೂಲಕ, ಇದೇ ಓರೆಯಲ್ಲಿ, ನೀರನ್ನು ನೋಡಿದರು. ಆಕಾಶದ ಹೊಳಪು ಆರಿತು. ನೀಲಿ ಆರಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಆ ಎಳೆಯನ್ನೇ ಹಿಡಿದು ಹೋದವರಿಗೆ 1930ರಲ್ಲಿ ನೊಬೆಲ್ ಬಂತು. ನಮಗೆ ಒಳ್ಳೆಯದೊಂದು ಫೋಟೊ ಬಂದರೆ ಸಾಕು.

ಮಳೆಗಾಲದಲ್ಲಿ ಬಿಲ್ಲೆಯ ಕೆಲಸ ಇನ್ನೂ ಹೆಚ್ಚು. ಒದ್ದೆ ಎಲೆಯ ಮೇಲಿನ ಬಿಳಿ ಮಿನುಗು ಇಳಿದು ತೆಂಗು, ಅಡಿಕೆ, ಕಾಂಡ್ಲಾ ಒಂದೊಂದರ ಹಸಿರೂ ಬೇರೆಬೇರೆಯಾಗಿ ಕಾಣುತ್ತದೆ. ಮಾಡಿನ ಜಿಂಕ್ ಶೀಟು ಮಾತ್ರ ಬಿಲ್ಲೆಗೆ ಜಗ್ಗದು; ಲೋಹದಿಂದ ಚಿಮ್ಮುವ ಬೆಳಕಿಗೆ ಈ ಪಂಕ್ತಿಭೇದ ಅಷ್ಟಾಗಿ ಇಲ್ಲ. ಒಳಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಲ್ಲೆಯೇ ನುಂಗುವುದರಿಂದ ಮೋಡದ ದಿನ ಟ್ರೈಪಾಡ್ ಬೇಕು. ಮೊಬೈಲಿನವರು ಪೋಲರೈಸ್ಡ್ ತಂಪು ಕನ್ನಡಕವನ್ನೇ ಲೆನ್ಸಿಗೆ ಅಡ್ಡ ಹಿಡಿದು ನೋಡಬಹುದು.

ಆಕಾಶದ ಲೆಕ್ಕ ಬೇರೆ. ಸೂರ್ಯನಿಂದ 90 ಡಿಗ್ರಿ ಆಚೆಯ ಬಾನಿನಲ್ಲಿ ಬಿಲ್ಲೆಯ ಪರಿಣಾಮ ಅತಿ ಹೆಚ್ಚು. ಸೂರ್ಯನ ಕಡೆಗೇ ಹಿಡಿದರೆ ಹೆಚ್ಚುಕಡಿಮೆ ಸೊನ್ನೆ. ಕಾಗಾಲದ ಕಡಲತೀರದಲ್ಲಿ ಸಂಜೆ ಎಲ್ಲರ ಕ್ಯಾಮೆರಾವೂ ಪಡುವಣಕ್ಕೇ ಮುಖ ಮಾಡಿರುತ್ತದೆ. ಬಡಗಲಿಗೆ, ಅಘನಾಶಿನಿ ಕಡಲು ಸೇರುವ ಕಡೆಗೆ ತಿರುಗಿ ಬಿಲ್ಲೆ ತಿರುಗಿಸಿ: ನೀಲಿ ಗಟ್ಟಿಯಾಗಿ ಮೋಡ ಎದ್ದು ನಿಲ್ಲುತ್ತದೆ. ತೀರಾ ಅಗಲದ ಲೆನ್ಸ್ ಬೇಡ, ಆಕಾಶದ ನಡುವೆ ಮಸಿ ಬಳಿದಂತಾಗುತ್ತದೆ. ಸೂರ್ಯ ನೀರು ಮುಟ್ಟುವ ಹೊತ್ತಿಗೆ ನಾನೂ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿ ಪಡುವಣಕ್ಕೇ ತಿರುಗುತ್ತೇನೆ.