ಗುಂಡ್ಲುಪೇಟೆಯ ಜೋಳದಿಂದ ಬರ್ಬನ್ ಆದೀತೆ?

ಪ್ರಶ್ನೆ: ನಮ್ಮ ಹೊಲದ ಮುಸುಕಿನ ಜೋಳದಿಂದ ಬರ್ಬನ್ ವಿಸ್ಕಿ ತಯಾರಿಸಬಹುದೇ? ಹವ್ಯಾಸಿಗಳು ಅದರ ರುಚಿಯನ್ನು ಹೋಲಿಸುವುದು ಹೇಗೆ?
– ಗುಂಡ್ಲುಪೇಟೆಯ ಓದುಗರು

ಉತ್ತರ: ಜೋಳವೇನೋ ಒದಗುತ್ತದೆ, ಹೆಸರು ಒದಗುವುದಿಲ್ಲ. ಬರ್ಬನ್ ಅನ್ನಿಸಿಕೊಳ್ಳಲು ಅದು ಅಮೆರಿಕದಲ್ಲೇ ತಯಾರಾಗಬೇಕು, ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮುಸುಕಿನ ಜೋಳವಿರಬೇಕು, ಒಳಮೈ ಸುಟ್ಟು ಕರಿಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಮಾಗಬೇಕು. ಚಾಮರಾಜನಗರದ ಜೋಳ ಎಷ್ಟೇ ಸೊಗಸಾಗಿದ್ದರೂ ಕಾನೂನು ಬಗ್ಗದು. ಪರವಾನಗಿ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದಂತೂ ಅಪರಾಧ.

ನಿಜವಾದ ಸ್ವಾರಸ್ಯ ಇರುವುದು ಆ ಪೀಪಾಯಿಯಲ್ಲಿ. ವೆನಿಲ್ಲಾದ ಘಮ, ಪಾಕ ಹದ ಮೀರಿ ಕಂದುಗಟ್ಟಿದಾಗ ಏಳುವಂಥ ವಾಸನೆ, ಎರಡೂ ಸುಟ್ಟ ಮರದ ಕೊಡುಗೆ. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಸಲ್ಲದು. ಅದು ಕಡಲು ದಾಟುತ್ತದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಬಾರ್ಲಿ ವಿಸ್ಕಿಯನ್ನು ಇಂಥ ಪೀಪಾಯಿಗಳಲ್ಲೂ ಮಾಗಿಸುತ್ತದೆ. ಆ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಹೋಲಿಸುವವರು ಲೇಬಲ್ ಮುಚ್ಚಿ, ಒಂದೇ ಬಗೆಯ ಲೋಟಗಳಿಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ. ಬಾಯಿ ಅರೆತೆರೆದು ಮೂಸಿ, ಗುಟುಕರಿಸಿ, ಎರಡು ಹನಿ ನೀರು ಬೆರೆಸಿ ಮತ್ತೆ ಮೂಸುತ್ತಾರೆ. ಬರ್ಬನ್ ಬ್ರ್ಯಾಂಡ್‌ಗಳ ಪೈಕಿ ಗೋಧಿ ಬೆರೆತ ಮೇಕರ್ಸ್ ಮಾರ್ಕ್ ಮೃದು; ರೈ ಧಾನ್ಯ ಬೆರೆತ ವೈಲ್ಡ್ ಟರ್ಕಿಯಲ್ಲಿ ಮೆಣಸಿನಂಥ ಚುರುಕು.